ಮೌತ್ ಆರ್ಗನ್‌ಗೆ ಕೈಯಲ್ಲಿ ಹಿಡಿದೊಯ್ಯುವ ಬ್ಯಾಟರಿ ಆಂಪ್: ಮೈಕ್‌ನಿಂದ ಸ್ಪೀಕರ್‌ವರೆಗೆ ಸಮಗ್ರ ಮಾರ್ಗದರ್ಶಿ

ಗಿಟಾರ್ ಆಂಪ್‌ಗೆ (ಆಂಪ್ಲಿಫೈಯರ್‌ಗೆ) ಮೈಕ್ ಸಿಕ್ಕಿಸಿ ಮೌತ್ ಆರ್ಗನ್ ನುಡಿಸಲು ಹೊರಟವರಿಗೆಲ್ಲ ಮೊದಲ ದಿನ ಎದುರಾಗುವುದು, ಸ್ಪೀಕರ್‌ನ ಸದ್ದು ಮತ್ತೆ ಮೈಕ್ ಹೊಕ್ಕು ಹುಟ್ಟುವ ‘ಕೀಂ’ ಎನ್ನುವ ಕೂಗು. ವಾಲ್ಯೂಮ್ ಇನ್ನೂ 3ಕ್ಕೆ ಬಂದಿರುವುದಿಲ್ಲ, ಅಷ್ಟರಲ್ಲೇ ಮನೆಯವರು ಬಾಗಿಲು ಹಾಕಿಕೊಳ್ಳುತ್ತಾರೆ. ನನಗೂ ಹಾಗೇ ಆಯಿತು. ಗೆಳೆಯನ ಗೃಹಪ್ರವೇಶದ ಸಂಜೆ ನುಡಿಸಲು 15 ವಾಟ್‌ನ ಗಿಟಾರ್ ಆಂಪ್ ಹೊತ್ತುಕೊಂಡು ಹೋಗಿದ್ದೆ. ಕೂಗು ತಡೆಯಲಾರದೆ ಕೊನೆಗೆ ಆಂಪ್ ಆಫ್ ಮಾಡಿ ಬರೀ ಮೌತ್ ಆರ್ಗನ್ ನುಡಿಸಿದೆ. ಎರಡನೇ ಸಾಲಿನಲ್ಲಿ ಕೂತವರಿಗೂ ಕೇಳಿಸಲಿಲ್ಲ. ಶಕ್ತಿ ಸಾಲದೆ ಹೀಗಾಯಿತು ಎಂದುಕೊಂಡು ಇನ್ನೂ ದೊಡ್ಡ ಆಂಪ್ ಹುಡುಕಲು ಶುರುಮಾಡಿದ್ದೆ. ಅದು ತಪ್ಪು ದಾರಿ ಎಂದು ಗೊತ್ತಾಗಲು ಎರಡು ವರ್ಷ ಹಿಡಿಯಿತು. ಮೌತ್ ಆರ್ಗನ್‌ಗೆ ಬೇಕಿರುವುದು ದೊಡ್ಡ ಆಂಪ್ ಅಲ್ಲ, ಗೇನ್ (ಒಳಬಂದ ಸಿಗ್ನಲ್ಲನ್ನು ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬ ಅಳತೆ) ಕಡಿಮೆ ಇರುವ ಆಂಪ್. ಇದು ತಲೆಗೆ ಹೋದ ಮೇಲೆ 3–4 ವಾಟ್‌ನ ಪೆಟ್ಟಿಗೆಯಲ್ಲೇ ತಾರಸಿ ತುಂಬುವಷ್ಟು ದಪ್ಪ ಸದ್ದು ತೆಗೆಯಬಹುದು.

ಈ ಬರಹದಲ್ಲಿ ಅಂಥದ್ದೊಂದು ಪೆಟ್ಟಿಗೆಯನ್ನು ಮೊದಲಿಂದ ಕಡೇವರೆಗೆ ಕಟ್ಟೋಣ. ಸೋಲ್ಡರಿಂಗ್ ಐರನ್ ಹಿಡಿದು ಅಭ್ಯಾಸವಿದ್ದರೆ ಎರಡು ಭಾನುವಾರದ ಕೆಲಸ.

ಕಟ್ಟುವ ಮುನ್ನ: ಆ ಸದ್ದು ಎಲ್ಲಿ ಹುಟ್ಟುತ್ತದೆ

ನಾವು ಹುಡುಕುತ್ತಿರುವ ಒರಟಾದ, ಕೊಂಚ ಸ್ಯಾಕ್ಸೊಫೋನ್‌ನಂತೆ ಕೇಳುವ ಸದ್ದು ಅಮೆರಿಕದ ಶಿಕಾಗೊ ನಗರದ್ದು. 1940–50ರ ದಶಕಗಳಲ್ಲಿ ದಕ್ಷಿಣದ ಹಳ್ಳಿಗಳಿಂದ ಕೆಲಸ ಹುಡುಕಿ ಬಂದ ಬ್ಲೂಸ್ ವಾದಕರು ಅಲ್ಲಿನ ಮ್ಯಾಕ್ಸ್‌ವೆಲ್ ಸ್ಟ್ರೀಟ್ ಸಂತೆಯಲ್ಲಿ, ಪಕ್ಕದ ಮನೆ ಅಂಗಡಿಗಳಿಂದ ಕರೆಂಟ್ ಎಳೆದುಕೊಂಡು ನುಡಿಸುತ್ತಿದ್ದರು. ಗಿಟಾರು, ಡ್ರಮ್ಮುಗಳ ನಡುವೆ ಮೌತ್ ಆರ್ಗನ್ ಕೇಳಿಸಬೇಕಲ್ಲ? ಭಾಷಣ, ಪ್ರಕಟಣೆಗಳಿಗೆಂದು ಮಾಡಿದ ಅಗ್ಗದ ಮೈಕನ್ನು ವಾದ್ಯದ ಜೊತೆಗೇ ಎರಡೂ ಅಂಗೈಯಲ್ಲಿ ಮುಚ್ಚಿ ಹಿಡಿದು, ಸಣ್ಣ ವಾಲ್ವ್ (ಗಾಜಿನ ವ್ಯಾಕ್ಯೂಮ್ ಟ್ಯೂಬ್) ಆಂಪ್‌ಗೆ ಕೊಟ್ಟರು. ಈ ವಿದ್ಯೆಯನ್ನು ಶಿಖರಕ್ಕೆ ಒಯ್ದವನು ಲಿಟಲ್ ವಾಲ್ಟರ್. ಇವತ್ತಿಗೂ ಬ್ಲೂಸ್ ಮೌತ್ ಆರ್ಗನ್ ಕಲಿಯುವವರು ಅವನನ್ನು ಕೇಳದೆ ಮುಂದೆ ಹೋಗುವುದಿಲ್ಲ.

ಅಂಗೈ ಮುಚ್ಚಿದಾಗ ಆಗುವುದೇನು? ಒಳಗೆ ಒಂದು ಪುಟ್ಟ ಗಾಳಿಕೋಣೆ ಆಗುತ್ತದೆ. ಸದ್ದಿನ ಒತ್ತಡ ಅಲ್ಲಿ ವಿಪರೀತ ಏರುತ್ತದೆ, ಮೇಲಿನ ಚೂಪು ಸ್ವರಾಂಶಗಳು ಅಡಗಿ ಕೆಳಗಿನವು ಉಬ್ಬುತ್ತವೆ. ಮೈಕ್ ಕೂಡ ಸುಸ್ತಾಗಿ ಸ್ವಲ್ಪ ಒಡೆದ ಸದ್ದು ಕೊಡತೊಡಗುತ್ತದೆ. ಅಂದರೆ ಆಂಪ್‌ಗೆ ತಲುಪುವ ಮೊದಲೇ ಸದ್ದಿನ ಬಹುಪಾಲು ತಯಾರಾಗಿರುತ್ತದೆ. ಹೀಗೆ ಹಿಡಿದ ಮೈಕ್‌ನಿಂದ ಬರುವ ಸಿಗ್ನಲ್ ಹಾಡುವವರ ಮೈಕ್‌ನದಕ್ಕಿಂತ ಎಷ್ಟೋ ಪಾಲು ಜೋರು. ಗಿಟಾರ್ ಆಂಪ್ ಕಟ್ಟಿರುವುದು ಗಿಟಾರಿನ ತಂತಿಗಳ ಕಂಪನ ಹಿಡಿಯುವ ಪಿಕಪ್‌ನ ಬಡಕಲು ಸಿಗ್ನಲ್ಲನ್ನು ಎತ್ತಿ ಹಿಡಿಯಲು. ಈ ಜೋರು ಸಿಗ್ನಲ್ಲಿಗೆ ಅದು ಮತ್ತೆ ಗೇನ್ ಸೇರಿಸಿದರೆ ಕೂಗದೆ ಇನ್ನೇನು ಮಾಡೀತು? ವಾಲ್ವ್ ಆಂಪ್ ಇಟ್ಟುಕೊಂಡ ಮೌತ್ ಆರ್ಗನ್ ವಾದಕರು ಮೊದಲ ಘಟ್ಟದ 12ಎಎಕ್ಸ್7 ವಾಲ್ವ್ ಕಿತ್ತು, ಅದೇ ಸಾಕೆಟ್‌ಗೆ 12ಎವೈ7 ಅಥವಾ 12ಎಯು7 ಹಾಕುವುದು ಇದೇ ಕಾರಣಕ್ಕೆ. ಮೊದಲನೆಯದರ ವರ್ಧನಾಂಕ 100; ಉಳಿದೆರಡರದು ಸುಮಾರು 45 ಮತ್ತು 20.

ಇನ್ನೊಂದು ಲೆಕ್ಕವೂ ಗೊತ್ತಿರಲಿ. ಸಿ ಕೀಯ (ಶ್ರುತಿಯ) 10 ತೂತಿನ ವಾದ್ಯದ ತೀರ ಕೆಳಗಿನ ಸ್ವರ 262 ಹರ್ಟ್ಸ್, ತೀರ ಮೇಲಿನದು 2093 ಹರ್ಟ್ಸ್. ಜಿ ಕೀ ವಾದ್ಯ 196 ಹರ್ಟ್ಸ್‌ಗೆ ಇಳಿಯುತ್ತದೆ. ಹಾಗಾಗಿ ನಮಗೆ 100 ಹರ್ಟ್ಸ್ ಕೆಳಗಿನ ಗುಮ್ಮಟೆ ಬೇಸ್ ಬೇಡ. 5000 ಹರ್ಟ್ಸ್ ಮೇಲಿನ ಮಿನುಗೂ ಬೇಡ. ಆ ಮಿನುಗು ಇರುವ ಕಡೆಯೇ ಕೂಗು ಹುಟ್ಟುವುದು. ಟ್ವೀಟರ್ (ಚೂಪು ಸದ್ದಿಗೆಂದೇ ಇರುವ ಪುಟ್ಟ ಸ್ಪೀಕರ್) ಇರುವ ಪಾರ್ಟಿ ಸ್ಪೀಕರ್, ಬ್ಲೂಟೂತ್ ಸ್ಪೀಕರ್‌ಗಳು ಈ ಕೆಲಸಕ್ಕೆ ಒಗ್ಗದಿರಲು ಅದೇ ಕಾರಣ.

ನಮ್ಮಲ್ಲಿ ಹೆಚ್ಚಾಗಿ ಸಿಗುವ ಉದ್ದನೆಯ 24 ತೂತಿನ ಟ್ರೆಮೊಲೊ ಮೌತ್ ಆರ್ಗನ್ ಬಗ್ಗೆ ಒಂದು ಮಾತು. ಅದರ ಜೊತೆ ಮೈಕ್ ಹಿಡಿದರೆ ಅಂಗೈ ಪೂರ್ತಿ ಮುಚ್ಚುವುದಿಲ್ಲ. ಅದನ್ನು ಸ್ಟ್ಯಾಂಡ್ ಮೈಕ್ ಎದುರು ನುಡಿಸುವುದೇ ಚೆಂದ. ಇಲ್ಲಿ ಹೇಳುವುದೆಲ್ಲ ಅಂಗೈಯಲ್ಲಿ ಅಡಗುವ 10 ತೂತಿನ ವಾದ್ಯಕ್ಕೆ.

ಮೈಕ್ ಆಯ್ಕೆ

ಹಳೆಯ ಹೆಸರುಗಳು ಎರಡು: ಕ್ರಿಸ್ಟಲ್ ಎಲಿಮೆಂಟ್ (ಸದ್ದನ್ನು ವಿದ್ಯುತ್ ಸಿಗ್ನಲ್ ಆಗಿಸುವ ಹರಳಿನ ಭಾಗ) ಇರುವ ಅಸ್ಟ್ಯಾಟಿಕ್ ಜೆಟಿ-30, ಮತ್ತು 1949ರಲ್ಲಿ ಬಂದ ಶೂರ್ 520, ಅಂದರೆ ಹಸಿರು ಬಣ್ಣದ ‘ಗ್ರೀನ್ ಬುಲೆಟ್’. ಎರಡೂ ಅಂಗೈಗೆಂದೇ ಅಚ್ಚು ಹೊಯ್ದಂತಿವೆ. ಆದರೆ ಮೊದಲ ಪೆಟ್ಟಿಗೆಗೆ ಇವು ಬೇಕೇಬೇಕೆಂದಿಲ್ಲ. ಊರಿನ ಉತ್ಸವಗಳಲ್ಲಿ ಭಾಷಣಕ್ಕೆ ಬಳಸುವ ಸಾಮಾನ್ಯ ಡೈನಾಮಿಕ್ ಮೈಕ್ ಸಾಕು. ತಲೆಯ ಜಾಲರಿ ಸಣ್ಣದಿದ್ದಷ್ಟೂ ಹಿಡಿಯಲು ಸುಲಭ. ಕಂಡೆನ್ಸರ್ ಮೈಕ್, ಕಾಲರ್ ಮೈಕ್ ಮಾತ್ರ ಬೇಡ. ಅಂಗೈ ಒಳಗಿನ ಒತ್ತಡಕ್ಕೆ ಅವು ಕರ್ಕಶವಾಗಿ ಒಡೆಯುತ್ತವೆ.

ಹಳೆಯ ಕ್ರಿಸ್ಟಲ್ ಮೈಕ್ ಸಿಕ್ಕವರು ನನ್ನ ಅನುಭವ ಕೇಳಿ. ಅದರೊಳಗಿನ ರೋಷೆಲ್ ಸಾಲ್ಟ್ ಹರಳಿಗೆ ಬಿಸಿ, ತೇವ ಎರಡೂ ಆಗಿಬರುವುದಿಲ್ಲ. 55 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕೆಡುತ್ತದೆ. ಏಪ್ರಿಲ್ ತಿಂಗಳಲ್ಲಿ ಒಂದು ಮಧ್ಯಾಹ್ನ ಅದನ್ನು ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟು ಊಟಕ್ಕೆ ಹೋಗಿದ್ದೆ. ಬಂದು ನೋಡಿದರೆ ಚಿಪ್ಪು ಮುಟ್ಟಲಾಗದಷ್ಟು ಸುಡುತ್ತಿತ್ತು. ಸಂಜೆ ಆಂಪ್‌ಗೆ ಹಾಕಿದರೆ ದೂರದ ಕೋಣೆಯಿಂದ ಬಂದಂತೆ ಪಿಸುಗುಟ್ಟುವ ಸದ್ದು. ಆ ಎಲಿಮೆಂಟ್ ಮತ್ತೆ ಬದುಕಲಿಲ್ಲ. ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಇಂಪಿಡೆನ್ಸ್ (ಸಿಗ್ನಲ್ಲಿಗೆ ಒಡ್ಡುವ ತಡೆ, ಓಮ್‌ನಲ್ಲಿ ಅಳೆಯುವುದು) ವಿಷಯ ಅರ್ಥವಾದರೆ ಅರ್ಧ ತಲೆನೋವು ಕಡಿಮೆ. ಮಾಮೂಲಿ ಡೈನಾಮಿಕ್ ಮೈಕ್‌ನದು ಕೆಲವು ನೂರು ಓಮ್, ಹೆಚ್ಚಿನ ಇನ್‌ಪುಟ್‌ಗಳಿಗೆ ಹೊಂದಿಕೊಳ್ಳುತ್ತದೆ. ಕ್ರಿಸ್ಟಲ್ ಎಲಿಮೆಂಟ್‌ಗೆ ಎದುರಿಗೆ ಕೆಲವು ಮೆಗಾ ಓಮ್ ಇರಬೇಕು. ಇಲ್ಲದಿದ್ದರೆ ಕೆಳಗಿನ ಸ್ವರಗಳೆಲ್ಲ ಸೋರಿ ತಗಡಿನ ಸದ್ದು ಉಳಿಯುತ್ತದೆ. ನಾವು ಕಟ್ಟುವ ಪೆಟ್ಟಿಗೆಯ ಇನ್‌ಪುಟ್ 2.2 ಮೆಗಾ ಓಮ್ ಇರುವುದರಿಂದ ಎರಡೂ ನಡೆಯುತ್ತವೆ. ನೀವು ಗಿಟಾರ್ ಆಂಪ್‌ಗೇ ಡೈನಾಮಿಕ್ ಮೈಕ್ ಹಾಕುವವರಾದರೆ ಮಾತ್ರ ನಡುವೆ ಇಂಪಿಡೆನ್ಸ್ ಮ್ಯಾಚಿಂಗ್ ಟ್ರಾನ್ಸ್‌ಫಾರ್ಮರ್ ಬೇಕು.

ಮೈಕ್ ಮೇಲೆ ಅಥವಾ ಅದರ ಕೇಬಲ್ ಬುಡದಲ್ಲಿ ಒಂದು ವಾಲ್ಯೂಮ್ ಗುಂಡಿ ಇರಲಿ. ಕೂಗು ಶುರುವಾದಾಗ ಆಂಪ್‌ವರೆಗೆ ಓಡಲಾಗುವುದಿಲ್ಲ, ಕಿರುಬೆರಳಿಗೆ ಸಿಗುವ ಗುಂಡಿಯೇ ನಿಮ್ಮನ್ನು ಕಾಯುವುದು.

ಕೊಂಡುಕೊಳ್ಳುವುದಾದರೆ

ಬೇಗ ಹೇಳಿ ಮುಗಿಸುತ್ತೇನೆ. 1970ರ ದಶಕದಿಂದ ಇರುವ ಪಿಗ್‌ನೋಸ್ 7-100 ಎಂಬ ಪುಟ್ಟ ಆಂಪ್, ಆರು ಪೆನ್ಸಿಲ್ ಸೆಲ್‌ನಲ್ಲಿ 5 ಇಂಚಿನ ಸ್ಪೀಕರ್ ನಡೆಸುತ್ತದೆ. ಮೌತ್ ಆರ್ಗನ್‌ಗೆ ಅದರ ಒರಟು ಸದ್ದು ಒಪ್ಪುತ್ತದೆ. ರೋಲ್ಯಾಂಡ್ ಮೈಕ್ರೊ ಕ್ಯೂಬ್ ಕೂಡ ಆರು ಸೆಲ್‌ನದೇ. ಅದರಲ್ಲಿ ಡಿಲೇ (ಕೊಂಚ ತಡವಾಗಿ ಬರುವ ಮರುದನಿ), ರಿವರ್ಬ್ (ದೊಡ್ಡ ಕೋಣೆಯ ಗುಂಗು) ಸೇರಿಯೇ ಬರುತ್ತವೆ. ಯಾವುದನ್ನೇ ಕೊಂಡರೂ ಗೇನ್ ಗುಂಡಿ ಪೂರ್ತಿ ಕೆಳಗೆ, ಟ್ರೆಬಲ್ ಕಾಲು ಭಾಗ, ಮಾಸ್ಟರ್ ವಾಲ್ಯೂಮ್ ಮೇಲೆ ಇಟ್ಟು ಶುರುಮಾಡಿ. ವಿದೇಶದಿಂದ ತರಿಸಿದ ಹಳೆಯ ವಾಲ್ವ್ ಆಂಪ್ ಕೈಗೆ ಸಿಕ್ಕರೆ ಎರಡು ಎಚ್ಚರ: ಅಮೆರಿಕದ್ದಾದರೆ ಅದು 120 ವೋಲ್ಟ್‌ನದು, ನಮ್ಮ 230ಕ್ಕೆ ನೇರ ಹಾಕಿದರೆ ಸುಡುತ್ತದೆ. ಒಳಗಿನ ಕೆಪಾಸಿಟರ್‌ಗಳು ಪ್ಲಗ್ ಕಿತ್ತ ಮೇಲೂ 300 ವೋಲ್ಟ್‌ಗಿಂತ ಹೆಚ್ಚು ಹಿಡಿದಿಟ್ಟುಕೊಂಡಿರಬಹುದು. ತಿಳಿದವರು ಜೊತೆಗಿಲ್ಲದೆ ಅದರ ಮುಚ್ಚಳ ತೆಗೆಯಲೇಬೇಡಿ.

ನಾವು ಕಟ್ಟುವುದು 12 ವೋಲ್ಟ್‌ನದು. ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ.

ಯಾವ ಐಸಿ?

ಎಲ್‌ಎಂ 386 ಎಂಬ ಎಂಟು ಕಾಲಿನ ಐಸಿಯಿಂದ (ಆಂಪ್‌ನ ಸರ್ಕಿಟ್ ಒಳಗೇ ಅಡಗಿರುವ ಚಿಪ್) ಶುರುಮಾಡುವವರು ಬಹಳ. 9 ವೋಲ್ಟ್‌ನಲ್ಲಿ ಅದು ಕೊಡುವುದು ಅರ್ಧ ವಾಟ್‌ನ ಆಸುಪಾಸು. ಕೋಣೆಯಲ್ಲಿ ಅಭ್ಯಾಸಕ್ಕೆ ಸರಿ, ಗಿಟಾರ್ ಜೊತೆಗಿದ್ದರೆ ಕೇಳಿಸದು. ನನ್ನ ಆಯ್ಕೆ ಟಿಡಿಎ 2003. ಕಾರ್ ಸ್ಟೀರಿಯೊಗಳಿಗೆಂದು ಬಂದ ಐದು ಕಾಲಿನ ಐಸಿ ಇದು. ರೇಡಿಯೊ ರಿಪೇರಿ ಮಾಡುವ ಹಿರಿಯರಿಗೆಲ್ಲ ಪರಿಚಯವಿದೆ. 12 ವೋಲ್ಟ್‌ನಲ್ಲಿ 4 ಓಮ್ ಸ್ಪೀಕರ್‌ಗೆ 3–4 ವಾಟ್ ಕೊಡುತ್ತದೆ. ಔಟ್‌ಪುಟ್ ಶಾರ್ಟ್ ಆದರೂ, ಅತಿಯಾಗಿ ಬಿಸಿಯಾದರೂ ತನ್ನನ್ನು ತಾನೇ ಕಾಪಾಡಿಕೊಳ್ಳುವ ವ್ಯವಸ್ಥೆ ಒಳಗೇ ಇದೆ. ಅದಕ್ಕೂ ಮೊದಲು, ಇನ್‌ಪುಟ್‌ಗೆ ಟಿಎಲ್ 072 ಆಪ್-ಆಂಪ್ (ಸಣ್ಣ ಸಿಗ್ನಲ್ ಹಿಗ್ಗಿಸುವ ಐಸಿ).

ಬೆಂಗಳೂರಿನವರಾದರೆ ಎಸ್.ಪಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ಎಲ್ಲ ಸಾಮಾನೂ ಸಿಗುತ್ತದೆ. ಚೀಟಿ ಬರೆದುಕೊಂಡು ಹೋಗಿ, ಬೆಳಗ್ಗೆ ಅಂಗಡಿ ತೆರೆದ ಹೊತ್ತಿಗೇ ಹೋಗಿ. ಮಧ್ಯಾಹ್ನದ ನೂಕುನುಗ್ಗಲಿನಲ್ಲಿ ‘22 ನ್ಯಾನೊ ಫಿಲ್ಮ್’ ಎಂದರೆ ‘22 ಮೈಕ್ರೊ’ ಕಟ್ಟಿಕೊಟ್ಟುಬಿಡುತ್ತಾರೆ. ಐಸಿ ಎರಡೆರಡು ತನ್ನಿ. ಡಾಟ್ ಬೋರ್ಡ್ ಒಂದು, ಟಿಎಲ್ 072ಗೆ ಎಂಟು ಕಾಲಿನ ಸಾಕೆಟ್, ಸಣ್ಣ ಹೀಟ್ ಸಿಂಕ್, ಶೀಲ್ಡ್ ವೈರ್ ಒಂದು ಮೀಟರ್, 6.35 ಮಿ.ಮೀ. ಮೋನೊ ಜ್ಯಾಕ್ (ಅಂಗಡಿಯಲ್ಲಿ ‘ಪಿ-38’ ಎಂದು ಕೇಳಿ), 10 ಕಿಲೋ ಓಮ್ ಲಾಗ್ ಪಾಟ್ (ಗುಂಡಿ ತಿರುಗಿಸಿ ಬದಲಿಸುವ ರೆಸಿಸ್ಟರ್) ಒಂದು, 50 ಕಿಲೋ ಓಮ್ ಪಾಟ್ ಒಂದು, ಸ್ವಿಚ್, 2 ಆಂಪಿಯರ್ ಫ್ಯೂಸ್ ಮತ್ತು ಅದರ ಹೋಲ್ಡರ್. ಉಳಿದ ರೆಸಿಸ್ಟರ್, ಕೆಪಾಸಿಟರ್ ಮೌಲ್ಯಗಳು ಮುಂದೆ ಬರುತ್ತವೆ. ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳೆಲ್ಲ 25 ವೋಲ್ಟ್‌ನವು ಇರಲಿ.

ಸ್ಪೀಕರ್‌ಗೆ ಮಾತ್ರ ಜಿಪುಣತನ ಬೇಡ. ಕಾಗದದ ಕೋನ್ ಇರುವ, ಟ್ವೀಟರ್ ಇಲ್ಲದ, 4 ಓಮ್‌ನ ಆರೂವರೆ ಅಥವಾ 8 ಇಂಚಿನ ಸ್ಪೀಕರ್ ತನ್ನಿ. ರಬ್ಬರ್ ಅಂಚಿನ ಕಾರ್ ಸ್ಪೀಕರ್ ನೋಡಲು ಅಂದ, ಆದರೆ ಸೋಮಾರಿ. ಗಿಟಾರ್ ಸ್ಪೀಕರ್‌ನಂತೆ ಕಾಗದದ್ದೇ ಸುಕ್ಕು ಅಂಚು ಇರುವುದು ಚುರುಕು. ಡಬ್ಬಿ ಮೇಲೆ ಬರೆದ ಸೆನ್ಸಿಟಿವಿಟಿ ಅಂಕಿ ನೋಡಿ: 95 ಡೆಸಿಬೆಲ್ ಸ್ಪೀಕರ್ 1 ವಾಟ್‌ನಲ್ಲಿ ಕೊಡುವಷ್ಟು ಸದ್ದನ್ನು 90 ಡೆಸಿಬೆಲ್‌ನದು ಕೊಡಲು 3 ವಾಟ್‌ಗಿಂತ ಹೆಚ್ಚು ಬೇಕು. ಬ್ಯಾಟರಿ ಪೆಟ್ಟಿಗೆಯಲ್ಲಿ ಇದಕ್ಕಿಂತ ಅಗ್ಗವಾಗಿ ಶಕ್ತಿ ಸಿಗುವ ದಾರಿಯಿಲ್ಲ.

ಹಂತ 1: ಬ್ಯಾಟರಿ

ಮೂರು 18650 ಲಿಥಿಯಂ ಸೆಲ್ ಸಾಲಾಗಿ ಜೋಡಿಸಿದ ಪ್ಯಾಕ್ ತನ್ನಿ. ತುಂಬಿದಾಗ 12.6 ವೋಲ್ಟ್, ಸಾಮಾನ್ಯವಾಗಿ 11.1. ಒಳಗೆ ರಕ್ಷಣೆಯ ಬಿಎಂಎಸ್ ಬೋರ್ಡ್ ಇರುವ, ಪಟ್ಟಿ ವೆಲ್ಡ್ ಮಾಡಿದ ಸಿದ್ಧ ಪ್ಯಾಕನ್ನೇ ಕೇಳಿ ತೆಗೆದುಕೊಳ್ಳಿ. ಬಿಡಿ ಸೆಲ್ ತಂದು ಅದರ ಮೇಲೆ ನೇರವಾಗಿ ಸೋಲ್ಡರ್ ಮಾಡುವ ಸಾಹಸ ಬೇಡವೇ ಬೇಡ, ಬೆಂಕಿ ಹತ್ತಬಹುದು. ಚಾರ್ಜರ್ ಕೂಡ ಇದಕ್ಕೆಂದೇ ಬರುವ 12.6 ವೋಲ್ಟ್‌ನದಾಗಿರಬೇಕು, ವೈಫೈ ರೂಟರ್‌ನ ಅಡಾಪ್ಟರ್ ಹಾಕಬೇಡಿ.

2200 ಮಿಲಿ ಆಂಪಿಯರ್-ಅವರ್ ಪ್ಯಾಕ್ ಇದ್ದು, ನುಡಿಸುವಾಗ ಸರಾಸರಿ 300 ಮಿಲಿ ಆಂಪಿಯರ್ ಎಳೆದರೂ ಲೆಕ್ಕಕ್ಕೆ ಏಳು ಗಂಟೆ ಬರುತ್ತದೆ. ಲಿಥಿಯಂ ಬೇಡ ಎನ್ನುವವರು ಯುಪಿಎಸ್‌ನ 12 ವೋಲ್ಟ್ 7 ಆಂಪಿಯರ್-ಅವರ್ ಬ್ಯಾಟರಿ ಬಳಸಬಹುದು. ಅದೇ ಎರಡು ಕೆಜಿ ಮೀರುತ್ತದೆ, ಭುಜಕ್ಕೆ ಗೊತ್ತಾಗುತ್ತದೆ.

ಪ್ಲಸ್ ವೈರ್ ದಾರಿ ಹೀಗೆ: ಬ್ಯಾಟರಿ, ಫ್ಯೂಸ್, ಸ್ವಿಚ್, ನಂತರ 1ಎನ್5822 ಡಯೋಡ್. ಈ ಡಯೋಡ್ ಅರ್ಧ ವೋಲ್ಟ್‌ಗೂ ಕಡಿಮೆ ತಿಂದು, ಪ್ಲಸ್ ಮೈನಸ್ ಅದಲುಬದಲಾದರೆ ಬೋರ್ಡನ್ನು ಕಾಪಾಡುತ್ತದೆ. ಮೊದಲ ಪೆಟ್ಟಿಗೆಯಲ್ಲಿ ನಾನು ಇದನ್ನು ಹಾಕಿರಲಿಲ್ಲ. ರಾತ್ರಿ ಹನ್ನೊಂದಕ್ಕೆ ಅವಸರದಲ್ಲಿ ವೈರ್ ಉಲ್ಟಾ ಕೊಟ್ಟೆ. ಟಪ್ ಎಂದು ಐಸಿ ಸೀಳಿ, ಕಹಿ ವಾಸನೆ ಮರುದಿನದವರೆಗೂ ಕೋಣೆಯಲ್ಲಿತ್ತು.

ಹಂತ 2: ಟಿಡಿಎ 2003

ಬರಹ ನಿಮ್ಮ ಕಡೆಗಿರುವಂತೆ ಹಿಡಿದರೆ ಕಾಲುಗಳು ಎಡದಿಂದ ಬಲಕ್ಕೆ 1ರಿಂದ 5: ಇನ್‌ಪುಟ್, ಫೀಡ್‌ಬ್ಯಾಕ್, ಗ್ರೌಂಡ್, ಔಟ್‌ಪುಟ್, ಸಪ್ಲೈ. ಕಾಲುಗಳು ಒಂದು ಮುಂದೆ ಒಂದು ಹಿಂದೆ ಬಾಗಿರುತ್ತವೆ. ಡಾಟ್ ಬೋರ್ಡ್‌ಗೆ ಹೊಂದಿಸಲು ಮೂಗಿನ ಇಕ್ಕಳದಲ್ಲಿ ಮೆಲ್ಲಗೆ ಹರಡಿ. ಬುಡದಲ್ಲಿ ಬಗ್ಗಿಸಿದರೆ ಮುರಿಯುತ್ತದೆ, ಎರಡು ಮಿಲಿಮೀಟರ್ ಬಿಟ್ಟು ಬಗ್ಗಿಸಿ.

5ನೇ ಕಾಲಿಗೆ ಪ್ಲಸ್. ಆ ಕಾಲಿಗೂ ಗ್ರೌಂಡ್‌ಗೂ (ಬ್ಯಾಟರಿಯ ಮೈನಸ್) ನಡುವೆ, ಐಸಿಗೆ ಅಂಟಿದಂತೆ, 0.1 ಮೈಕ್ರೊಫ್ಯಾರಡ್ ಮತ್ತು 1000 ಮೈಕ್ರೊಫ್ಯಾರಡ್. 4ನೇ ಕಾಲಿನಿಂದ 220 ಓಮ್, ಅದರ ಇನ್ನೊಂದು ತುದಿಯಿಂದ 2.2 ಓಮ್ ಗ್ರೌಂಡ್‌ಗೆ. ಇವೆರಡರ ಕೂಡುಜಾಗದಿಂದ 470 ಮೈಕ್ರೊಫ್ಯಾರಡ್ 2ನೇ ಕಾಲಿಗೆ, ಪ್ಲಸ್ ತುದಿ ಕಾಲಿನ ಕಡೆ. 220 ಓಮ್‌ಗೆ ಸಮಾನಾಂತರವಾಗಿ 39 ಓಮ್ ಮತ್ತು 39 ನ್ಯಾನೊಫ್ಯಾರಡ್ ಸಾಲಾಗಿ. 4ನೇ ಕಾಲಿನಿಂದ ಗ್ರೌಂಡ್‌ಗೆ 0.1 ಮೈಕ್ರೊಫ್ಯಾರಡ್ ಮತ್ತು 1 ಓಮ್ ಸಾಲಾಗಿ. ಇದನ್ನು ಬಿಟ್ಟರೆ ಐಸಿ ಕಿವಿಗೆ ಕೇಳದಂತೆ ಒಳಗೇ ನಡುಗಿ ಬಿಸಿಯಾಗುತ್ತದೆ. ಕಡೆಗೆ 4ನೇ ಕಾಲಿನಿಂದ 1000 ಮೈಕ್ರೊಫ್ಯಾರಡ್ ಮೂಲಕ ಸ್ಪೀಕರ್‌ಗೆ, ಪ್ಲಸ್ ತುದಿ ಐಸಿ ಕಡೆ. ಐಸಿಯ ಲೋಹದ ಬೆನ್ನು ಗ್ರೌಂಡ್‌ಗೇ ಸೇರಿರುವುದರಿಂದ ಹೀಟ್ ಸಿಂಕ್‌ಗೆ ಮೈಕಾ ಹಾಳೆ ಬೇಕಿಲ್ಲ. ಪೇಸ್ಟ್ ಸವರಿ ಸ್ಕ್ರೂ ಬಿಗಿದರೆ ಆಯಿತು.

ಈ ಜೋಡಣೆಯ ಗೇನ್ 220 ಭಾಗಿಸು 2.2, ಅಂದರೆ 100. ಅಂಗೈಯಲ್ಲಿ ಮುಚ್ಚಿದ ಡೈನಾಮಿಕ್ ಮೈಕ್ ನೂರು ಮಿಲಿವೋಲ್ಟ್‌ನಷ್ಟು ಕೊಟ್ಟರೂ ಇಷ್ಟೇ ಸಾಕಾಗಿ ಮಿಗುತ್ತದೆ. ಆದ್ದರಿಂದ ಮುಂದಿನ ಹಂತದ ಪ್ರೀ-ಆಂಪ್‌ನಲ್ಲಿ (ಮೈಕ್ ಸಿಗ್ನಲ್ಲನ್ನು ಮೊದಲು ಹದಗೊಳಿಸುವ ಭಾಗ) ನಾವು ಸೇರಿಸುವ ಗೇನ್ ಅತ್ಯಲ್ಪ. ಗಿಟಾರ್‌ಗೆ ಬರೆದ ಸರ್ಕಿಟ್‌ಗಳನ್ನು ಇಲ್ಲಿಗೆ ತಂದು ಅಂಟಿಸಿದವರು ಎಡವುವುದು ಈ ಜಾಗದಲ್ಲೇ.

ಮೊದಲ ಸಲ ಕರೆಂಟ್ ಕೊಡುವಾಗ ಬೈಕಿನ 12 ವೋಲ್ಟ್ ಇಂಡಿಕೇಟರ್ ಬಲ್ಬನ್ನು ಪ್ಲಸ್ ವೈರ್ ನಡುವೆ ಸಾಲಾಗಿ ಹಾಕಿ. ಬಲ್ಬ್ ಒಂದು ಕ್ಷಣ ಮಿಣುಕಿ ಆರಿದರೆ ಸರಿ. ಜೋರಾಗಿ ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಆಗಿದೆ, ಐಸಿ ಸುಡುವ ಮುನ್ನ ತಿಳಿಯಿತು. ಆಮೇಲೆ ಬಲ್ಬ್ ತೆಗೆದು 4ನೇ ಕಾಲಿನ ವೋಲ್ಟೇಜ್ ಅಳೆಯಿರಿ. ಸಪ್ಲೈನ ಸುಮಾರು ಅರ್ಧ, ಅಂದರೆ 6ರ ಆಸುಪಾಸು ಬರಬೇಕು. ಅದು ಬರದೆ ಸ್ಪೀಕರ್ ಜೋಡಿಸಬೇಡಿ.

ಹಂತ 3: ಪ್ರೀ-ಆಂಪ್

ಟಿಎಲ್ 072ಗೆ ಸಪ್ಲೈ ನೇರ ಕೊಡಬೇಡಿ. 100 ಓಮ್ ಮೂಲಕ 8ನೇ ಕಾಲಿಗೆ ಕೊಟ್ಟು, ಅಲ್ಲಿಂದ 220 ಮೈಕ್ರೊಫ್ಯಾರಡ್ ಗ್ರೌಂಡ್‌ಗೆ. 4ನೇ ಕಾಲು ಗ್ರೌಂಡ್. ಎರಡು 22 ಕಿಲೋ ಓಮ್‌ಗಳನ್ನು ಈ ಶೋಧಿಸಿದ ಪ್ಲಸ್ ಮತ್ತು ಗ್ರೌಂಡ್ ನಡುವೆ ಸಾಲಾಗಿ ಹಾಕಿದರೆ ನಡುವೆ ಅರ್ಧ ವೋಲ್ಟೇಜ್ ಸಿಗುತ್ತದೆ. ಅಲ್ಲಿಂದ 47 ಮೈಕ್ರೊಫ್ಯಾರಡ್ ಗ್ರೌಂಡ್‌ಗೆ. ಇದನ್ನು ‘ನಡುಬಿಂದು’ ಎನ್ನೋಣ.

ಜ್ಯಾಕ್‌ನ ತುದಿಯಿಂದ ಶೀಲ್ಡ್ ವೈರ್, ನಂತರ 22 ನ್ಯಾನೊ ಫಿಲ್ಮ್ ಕೆಪಾಸಿಟರ್, 1 ಕಿಲೋ ಓಮ್, 3ನೇ ಕಾಲು. 3ನೇ ಕಾಲಿನಿಂದ ನಡುಬಿಂದುವಿಗೆ 2.2 ಮೆಗಾ ಓಮ್. ಗ್ರೌಂಡ್‌ಗೆ 100 ಪಿಕೊಫ್ಯಾರಡ್. ಕೊನೆಯ ಆ ಪುಟ್ಟ ಕೆಪಾಸಿಟರ್, ಪಕ್ಕದಲ್ಲಿಟ್ಟ ಫೋನಿನ ‘ಟರ್ರ್ ಟರ್ರ್’ ಒಳಬರದಂತೆ ತಡೆಯುತ್ತದೆ.

1 ಮತ್ತು 2ನೇ ಕಾಲುಗಳ ನಡುವೆ 22 ಕಿಲೋ ಓಮ್, ಅದಕ್ಕೆ ಸಮಾನಾಂತರವಾಗಿ 1.5 ನ್ಯಾನೊ. 2ನೇ ಕಾಲಿನಿಂದ 10 ಕಿಲೋ ಓಮ್ ಮತ್ತು 0.1 ಮೈಕ್ರೊಫ್ಯಾರಡ್ ಸಾಲಾಗಿ ಗ್ರೌಂಡ್‌ಗೆ. ಗೇನ್ ಸುಮಾರು 3. ಇಲ್ಲಿನ ಎರಡು ಕೆಪಾಸಿಟರ್‌ಗಳೇ ಈ ಪೆಟ್ಟಿಗೆಯ ಜೀವ: 0.1 ಮೈಕ್ರೊಫ್ಯಾರಡ್‌ನದು 160 ಹರ್ಟ್ಸ್ ಕೆಳಗೆ ಗೇನ್ ಇಳಿಸಿ ಉಸಿರಿನ ‘ಬುಸ್’, ‘ಪಫ್’ಗಳನ್ನು ತಗ್ಗಿಸುತ್ತದೆ. 1.5 ನ್ಯಾನೊ ಸುಮಾರು 4800 ಹರ್ಟ್ಸ್ ಮೇಲೆ ಇಳಿಸಿ ಕೂಗಿನ ಬಾಯಿ ಕಟ್ಟುತ್ತದೆ.

ಐಸಿಯೊಳಗೆ ಎರಡನೇ ಆಪ್-ಆಂಪ್ ಖಾಲಿ ಉಳಿಯುತ್ತದೆ. 6 ಮತ್ತು 7ನ್ನು ಸೇರಿಸಿ, 5ನ್ನು ನಡುಬಿಂದುವಿಗೆ ಕೊಟ್ಟು ಸುಮ್ಮನಿರಿಸಿ.

1ನೇ ಕಾಲಿನಿಂದ 1 ಮೈಕ್ರೊಫ್ಯಾರಡ್, ಪ್ಲಸ್ ಐಸಿ ಕಡೆ. ಆಮೇಲೆ 4.7 ಕಿಲೋ ಓಮ್. ಅಲ್ಲಿಂದ ಗ್ರೌಂಡ್‌ಗೆ 22 ನ್ಯಾನೊ ಮತ್ತು 50 ಕಿಲೋ ಓಮ್ ಪಾಟ್ ಸಾಲಾಗಿ, ಇದು ಟೋನ್. ಅದೇ ಜಾಗದಿಂದ 22 ಕಿಲೋ ಓಮ್ ಮೂಲಕ 10 ಕಿಲೋ ಓಮ್ ವಾಲ್ಯೂಮ್ ಪಾಟ್‌ನ ಮೇಲಿನ ತುದಿಗೆ. ಪಾಟ್‌ನ ಕೆಳತುದಿ ಗ್ರೌಂಡ್‌ಗೆ, ನಡುಗಾಲಿನಿಂದ 0.47 ಮೈಕ್ರೊ ಫಿಲ್ಮ್ ಮೂಲಕ ಟಿಡಿಎಯ 1ನೇ ಕಾಲಿಗೆ.

ಶಿಕಾಗೊ ಬಗೆಯ ಒಡಕು ದನಿ ಇನ್ನೂ ಬೇಕೆನ್ನುವವರು ಆಪ್-ಆಂಪ್‌ನ 22 ಕಿಲೋ ಓಮ್ ಮೇಲೆ ಎರಡು 1ಎನ್4148 ಡಯೋಡ್‌ಗಳನ್ನು ಎದುರುಬದುರಾಗಿ ಸೋಲ್ಡರ್ ಮಾಡಿ. ಮೆಲ್ಲಗೆ ಊದಿದರೆ ಸ್ವಚ್ಛ, ಜೋರಾಗಿ ಊದಿದರೆ ಒರಟು. ಬುಲೆಟ್ ಮೈಕ್ ಇದ್ದರೆ ಡಯೋಡ್ ಬದಲು ಎರಡು ಕೆಂಪು ಎಲ್‌ಇಡಿ ಹಾಕಿ ನೋಡಿ, ಒಡಕು ತಡವಾಗಿ ಶುರುವಾಗುತ್ತದೆ. ನನಗೆ ಎಲ್‌ಇಡಿಯೇ ಇಷ್ಟ.

ಗ್ರೌಂಡ್ ವೈರ್‌ಗಳನ್ನೆಲ್ಲ ಸಪ್ಲೈನ 1000 ಮೈಕ್ರೊಫ್ಯಾರಡ್‌ನ ಮೈನಸ್ ಕಾಲಿನ ಬಳಿ ಒಂದೇ ಜಾಗಕ್ಕೆ ತನ್ನಿ. ಸ್ಪೀಕರ್‌ನ ಮೈನಸ್ ವೈರನ್ನು ಪ್ರೀ-ಆಂಪ್ ಗ್ರೌಂಡ್ ಮೂಲಕ ಹಾಯಿಸಬೇಡಿ.

ಹಂತ 4: ಪೆಟ್ಟಿಗೆ

12 ಮಿಲಿಮೀಟರ್ ಪ್ಲೈವುಡ್, ಹೊರ ಅಳತೆ 30×30×18 ಸೆಂಟಿಮೀಟರ್. ಪ್ಲೈವುಡ್ ಅಂಗಡಿಯಲ್ಲೇ ಕತ್ತರಿಸಿ ಕೊಡುತ್ತಾರೆ. ಸ್ಪೀಕರ್ ತೂತಿನ ಅಳತೆಯನ್ನು ನಿಮ್ಮ ಸ್ಪೀಕರ್ ಎದುರಿಟ್ಟುಕೊಂಡೇ ಗುರುತು ಮಾಡಿ. ಮೂಲೆಗಳಿಗೆ ಒಳಗಿನಿಂದ ಮರದ ಪಟ್ಟಿ, ಫೆವಿಕಾಲ್, ಸ್ಕ್ರೂ. ಹಿಂಬದಿಯನ್ನು ಪೂರ್ತಿ ಮುಚ್ಚಬೇಡಿ. ಇಷ್ಟು ಸಣ್ಣ ಪೆಟ್ಟಿಗೆ ಮುಚ್ಚಿದರೆ ಡಬ್ಬಿಯೊಳಗೆ ಮಾತಾಡಿದಂತೆ ಕೇಳುತ್ತದೆ. ಮೇಲಿನ ಮೂರನೇ ಒಂದು, ಕೆಳಗಿನ ಮೂರನೇ ಒಂದು ಭಾಗ ಮುಚ್ಚಿ ನಡುವೆ ತೆರವು ಬಿಡಿ. ಹೀಟ್ ಸಿಂಕ್‌ಗೂ ಗಾಳಿಯಾಡುತ್ತದೆ. ಬ್ಯಾಟರಿ ತಳದಲ್ಲಿ ಬೆಲ್ಟ್ ಬಿಗಿದು ಕೂರಲಿ, ಬೋರ್ಡ್ ಸ್ಪೀಕರ್ ಅಯಸ್ಕಾಂತದಿಂದ ದೂರ, ಮೇಲುಗಡೆ. ಹಿಡಿಕೆ, ನಾಲ್ಕು ರಬ್ಬರ್ ಕಾಲು ಹಾಕಿದ ಮೇಲೆ ನನ್ನದು ಸುಮಾರು 4 ಕೆಜಿ ಬಂತು. ಅದನ್ನು ಒಂದು ಕೈಯಲ್ಲಿ ಹಿಡಿದು ಬಸ್ ಹತ್ತಿದ್ದೇನೆ.

ಹಂತ 5: ಮೊದಲ ಸಂಜೆ

ಪೆಟ್ಟಿಗೆಯನ್ನು ನೆಲದಲ್ಲಿಡಬೇಡಿ, ಕುರ್ಚಿ ಮೇಲಿಟ್ಟು ನಿಮ್ಮ ಎಡಕ್ಕೋ ಬಲಕ್ಕೋ ಎರಡು ಮಾರು ದೂರ ಇರಿಸಿ. ಸ್ಪೀಕರ್ ನಿಮ್ಮ ಬೆನ್ನಿಗೂ ಬೇಡ, ಎದೆಗೂ ಬೇಡ. ಟೋನ್ ಪೂರ್ತಿ ಕತ್ತಲು, ಅಂದರೆ ಚೂಪು ಸದ್ದು ಅತಿ ಕಡಿಮೆ; ವಾಲ್ಯೂಮ್ ಸೊನ್ನೆ. ಮೈಕ್‌ನ ಗುಂಡಿ ಮುಕ್ಕಾಲು ಭಾಗ.

ಈಗ ವಾದ್ಯವಿಲ್ಲದೆ ಬರೀ ಮೈಕ್ ಸುತ್ತ ಅಂಗೈ ಮುಚ್ಚಿ, ಆಂಪ್ ವಾಲ್ಯೂಮ್ ನಿಧಾನ ಏರಿಸಿ. ಅಂಗೈ ಒಳಗೆ ಒಂದು ಸಣ್ಣ ಗುಂಯ್ ಹುಟ್ಟುವ ಜಾಗ ಬರುತ್ತದೆ. ಅಲ್ಲಿಗೆ ನಿಲ್ಲಿಸಿ, ಕೂದಲೆಳೆ ಹಿಂದೆ ತಿರುಗಿಸಿ. ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಆ ಕೋಣೆಗೆ ನಿಮ್ಮ ಎಲ್ಲೆ ಅದು. ಹಾಡುವ ಮೈಕ್‌ನ ಜಾಲರಿ ಪೂರ್ತಿ ಮುಚ್ಚಿದಾಗ ಅದು ಒಂದೇ ದಿಕ್ಕಿನ ಸದ್ದು ಹಿಡಿಯುವ ಗುಣ ಕಳೆದುಕೊಂಡು ಎಲ್ಲ ಕಡೆಯಿಂದಲೂ ಹಿಡಿಯುತ್ತದೆ. ಅದಕ್ಕೇ ಈ ಪರೀಕ್ಷೆಯನ್ನು ಮುಚ್ಚಿದ ಅಂಗೈಯಲ್ಲೇ ಮಾಡಬೇಕು.

ಆಮೇಲೆ ವಾದ್ಯ. ಎಡಗೈ ಹೆಬ್ಬೆರಳು ತೋರುಬೆರಳ ನಡುವೆ ಮೌತ್ ಆರ್ಗನ್, ಅದರ ಬೆನ್ನಿಗೆ ಒರಗಿ ಮೈಕ್, ಬಲಗೈ ಉಳಿದ ಸಂದನ್ನೆಲ್ಲ ಮುಚ್ಚುವಂತೆ. 2ನೇ ತೂತನ್ನು ಒಳಗೆಳೆದು ಹಿಡಿಯಿರಿ. ಕಿರುಬೆರಳ ಬಳಿ ಸೋರುವ ಗಾಳಿ ತಿಳಿಯುತ್ತದೆ. ಬೆರಳು ಒಂದಿಷ್ಟು ಒತ್ತಿ ಆ ಸಂದು ಮುಚ್ಚಿದ ಕ್ಷಣ ಸ್ವರ ದಪ್ಪವಾಗಿ, ಪೆಟ್ಟಿಗೆಯ ಮರ ಕಂಪಿಸುವುದು ಕಾಲಿಗೆ ತಾಗುತ್ತದೆ. ನನಗೆ ಮೊದಲ ಬಾರಿ ಅದು ಸಿಕ್ಕಾಗ ನುಡಿಸುವುದನ್ನೇ ನಿಲ್ಲಿಸಿ ಕೈ ನೋಡಿಕೊಂಡಿದ್ದೆ. ಈ ಹಿಡಿತಕ್ಕೆ ದಿನಕ್ಕೆ ಹದಿನೈದು ನಿಮಿಷ ಕೊಡಿ. ಯಾವ ಐಸಿ ಬದಲಿಸಿದರೂ ಸಿಗದಷ್ಟು ವ್ಯತ್ಯಾಸ ಅಲ್ಲಿದೆ.

ಏನಾದರೂ ಕೈಕೊಟ್ಟರೆ

‘ಡುಗು ಡುಗು’ ಎಂದು ದೋಣಿ ಇಂಜಿನ್ನಿನಂತೆ ಸದ್ದು ಬಂದರೆ 100 ಓಮ್, 220 ಮೈಕ್ರೊಫ್ಯಾರಡ್ ಜೋಡಿ ನೋಡಿ, ಅಥವಾ ಬ್ಯಾಟರಿ ಇಳಿದಿದೆ. ಜ್ಯಾಕ್ ಮುಟ್ಟಿದಾಗ ಗುಂಯ್ ಕಡಿಮೆಯಾದರೆ ಶೀಲ್ಡ್ ಎಲ್ಲೋ ಬಿಟ್ಟಿದೆ. ಕೆಳಗಿನ ಸ್ವರಗಳಲ್ಲಿ ಮಾತ್ರ ‘ಝರ್’ ಎಂದರೆ ಬಹುತೇಕ ಸ್ಪೀಕರ್ ಸ್ಕ್ರೂ ಸಡಿಲ. ಸರ್ಕಿಟ್ ಬಿಚ್ಚುವ ಮೊದಲು ಸ್ಕ್ರೂ ಡ್ರೈವರ್ ಎತ್ತಿಕೊಳ್ಳಿ. ಸದ್ದು ಇದ್ದಕ್ಕಿದ್ದಂತೆ ನಿಂತು ಹೀಟ್ ಸಿಂಕ್ ಸುಡುತ್ತಿದ್ದರೆ ಐಸಿ ತಾನೇ ಮಲಗಿದೆ. ಐದು ನಿಮಿಷ ಆರಲು ಬಿಡಿ, ದೊಡ್ಡ ಹೀಟ್ ಸಿಂಕ್ ಹಾಕಿ.

ಡಿಲೇ ಸೇರಿಸುವುದಾದರೆ

ಪುಟ್ಟ ಪೆಟ್ಟಿಗೆಯನ್ನು ದೊಡ್ಡದಾಗಿ ಕೇಳಿಸುವ ಒಂದೇ ಪೆಡಲ್ ಡಿಲೇ. ಮೈಕ್ ಮತ್ತು ಆಂಪ್ ನಡುವೆ ಇಡಿ. 120ರಿಂದ 150 ಮಿಲಿಸೆಕೆಂಡ್, ಮರುದನಿ ಒಂದೇ ಸಲ, ಮಿಕ್ಸ್ ಕಾಲು ಭಾಗ. ಮರುದನಿ ಹೆಚ್ಚಿಸಿದರೆ ಕೂಗು ಮತ್ತೆ ಬರುತ್ತದೆ. ಕ್ರಿಸ್ಟಲ್ ಮೈಕ್ ಇದ್ದವರು ಪೆಡಲ್‌ನ ಇನ್‌ಪುಟ್ ಇಂಪಿಡೆನ್ಸ್ 1 ಮೆಗಾ ಓಮ್ ಆದರೂ ಇದೆಯೇ ಎಂದು ನೋಡಿ ಕೊಳ್ಳಿ. ಪೆಡಲ್‌ಗೆ ಅದರದೇ 9 ವೋಲ್ಟ್ ಬ್ಯಾಟರಿ ಇರಲಿ. ಆಂಪ್‌ನ ಬ್ಯಾಟರಿಯಿಂದ ಎಳೆದರೆ ಗ್ರೌಂಡ್ ಸುತ್ತಿಕೊಂಡು ಗುಂಯ್ ಎನ್ನುವುದೂ ಉಂಟು.

ನುಡಿಸಿ ಮುಗಿದ ಮೇಲೆ ಮೈಕನ್ನು ಹಾಗೇ ಚೀಲಕ್ಕೆ ತುರುಕಬೇಡಿ. ಅರ್ಧ ಗಂಟೆಯ ಉಸಿರಿನ ತೇವ ಅದರ ಜಾಲರಿಯಲ್ಲಿ ಕೂತಿರುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ, ಬಾಯಿ ಕೆಳಗೆ ಮಾಡಿ ಹತ್ತು ನಿಮಿಷ ಫ್ಯಾನ್ ಕೆಳಗಿಡಿ. ಮೌತ್ ಆರ್ಗನ್ನನ್ನೂ ಅಂಗೈಗೆ ನಾಲ್ಕು ಸಲ ತಟ್ಟಿ ಪಕ್ಕದಲ್ಲೇ ಇಡಿ. ಪೆಟ್ಟಿಗೆಯ ಒಳಗೋಡೆಗೆ ಟೇಪ್ ಹಾಕಿ ಎರಡು ಹೆಚ್ಚುವರಿ ಫ್ಯೂಸ್ ಅಂಟಿಸಿದ್ದೀರಾ ಎಂದು ನೋಡಿಕೊಂಡು ಸ್ವಿಚ್ ಆಫ್ ಮಾಡಿ.